ಎರಡು ತಗಡು

ನಾನು ಗೋಲ್‌ಕೀಪರ್ ಆದದ್ದು ಆಟ ಬರುತ್ತಿತ್ತೆಂದಲ್ಲ, ಉದ್ದ ಇದ್ದೆನೆಂದು. ಹುಬ್ಬಳ್ಳಿಯ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿಯೂ ಅಟ್ಟದ ಮೇಲಿನದನ್ನೆಲ್ಲ ಇಳಿಸುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು. ಉದ್ದ ಮನುಷ್ಯನನ್ನು ಕಂಡರೆ ಮಂದಿಗೆ ಏಣಿ ಕಂಡಂತಾಗುತ್ತದೆ. ನನಗೆ ಸಿಟ್ಟು ಬೇಗ ಬರುತ್ತಿತ್ತು, ಬೇಗ ಇಳಿಯುತ್ತಲೂ ಇರಲಿಲ್ಲ. ಇಂಥವನನ್ನು ಮೈದಾನದ ನಡುವೆ ಬಿಟ್ಟರೆ ಎದುರಿನವರ ಕಾಲು ಉಳಿಯಲಿಕ್ಕಿಲ್ಲ ಎಂದು ನಮ್ಮ ಕ್ಯಾಪ್ಟನ್ ನನ್ನನ್ನು ಎರಡು ಕಂಬಗಳ ನಡುವೆ ನಿಲ್ಲಿಸಿದ. ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಹೆಚ್ಚಿನವರು ಬರಿಗಾಲಲ್ಲೇ ಆಡುತ್ತಿದ್ದೆವು. ಬೂಟು ಇದ್ದದ್ದು ರೈಲ್ವೆ ವಸಾಹತಿನ ಹುಡುಗರಿಗೆ ಮಾತ್ರ.

ನಮ್ಮ ಕ್ಲಬ್ಬಿನ ಮೈದಾನ ಹತ್ತಿ ಮಾರುಕಟ್ಟೆಯ ಆಚೆಗಿತ್ತು. ಅದು ಒಬ್ಬ ಸಾಹುಕಾರರ ಜಾಗ. ಹಣೆತುಂಬ ವಿಭೂತಿ ಹಚ್ಚಿಕೊಂಡು, ಊಟಕ್ಕೆ ಕೂಡುವ ಮುನ್ನ ಹೊರಗೆ ಯಾರಾದರೂ ಹಸಿದವರು ನಿಂತಿದ್ದಾರೆಯೇ ಎಂದು ಕೇಳುತ್ತಿದ್ದ ಹಳೆಯ ಕಾಲದ ಮನುಷ್ಯ ಅವರು. ಮೈದಾನದ ಉತ್ತರದ ಅಂಚಿಗೆ, ಗೋಲಿನ ಬೆನ್ನಿಗೇ, ಹಿಂದೆ ಅವರು ಹತ್ತಿಯ ಮೂಟೆ, ಅಂಡಿಗೆ ಇಡುತ್ತಿದ್ದ ಒಂದು ಶೆಡ್ಡು ಇತ್ತು. ಗೋಡೆ ಇಲ್ಲ, ಕಲ್ಲಿನ ಕಂಬ, ಮೇಲೆ ತಗಡು. ಅದರ ಕೆಳಗೆ ಮನೆ ಇಲ್ಲದ ಏಳೆಂಟು ಮಂದಿ ಇರುತ್ತಿದ್ದರು. ಜಾಗ ಕೇಳಲಿಕ್ಕೆ ಹೋದ ನಮ್ಮ ಹಿರಿಯರಿಗೆ ಸಾಹುಕಾರರು ಹಣದ ಮಾತೇ ಎತ್ತಲಿಲ್ಲವಂತೆ. "ಆಟಾ ಆಡ್ರಿ. ಆದರ ಆ ತಗಡಿನ ಕೆಳಗ ಇದ್ದವರನ್ನ ಎಬ್ಬಿಸಬ್ಯಾಡ್ರಿ. ಸೋಮವಾರಕ್ಕೊಮ್ಮೆ ಅವರಿಗೆ ನಿಮ್ಮ ಮನಿ ರೊಟ್ಟಿ ಹಾಕ್ರಿ. ಅದ ನನ್ನ ಬಾಡಿಗಿ," ಎಂದರಂತೆ. ಅವರು ತೀರಿಕೊಂಡು ವರ್ಷಗಳಾದರೂ ಈ ಮಾತು ಕ್ಲಬ್ಬಿನ ಕಾಯಿದೆಯಾಗಿ ಉಳಿದಿತ್ತು. ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಅಷ್ಟು ಪಾಲಿಸುತ್ತಿದ್ದೆವೋ ಇಲ್ಲವೋ.

ಸೋಮವಾರ ಸಂಜೆ ಪ್ರತಿಯೊಬ್ಬ ಆಟಗಾರನೂ ಮನೆಯಿಂದ ಒಂದು ಗಂಟು ತರಬೇಕು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಇದ್ದರೆ ಕಾಳುಪಲ್ಯ. ಗಂಟು ತರದವನು ಅಂದು ಚೆಂಡು ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಎಲ್ಲ ಓಣಿಯವರೂ ಇದ್ದರು, ಎಲ್ಲ ಜಾತಿಯವರೂ ಇದ್ದರು. ಎಲ್ಲರ ಮನೆಯ ರೊಟ್ಟಿಯೂ ಒಂದೇ ಬುಟ್ಟಿಗೆ ಬೀಳುತ್ತಿತ್ತು. ಯಾರ್ಯಾರ ಮನೆಯ ರೊಟ್ಟಿಯ ಜೊತೆ ಕೂಡಿಸುತ್ತೀರಿ ಎಂದು ನನ್ನ ಅವ್ವ ಮೊದಮೊದಲು ಮೂಗು ಮುರಿಯುತ್ತಿದ್ದಳು. ಆಮೇಲೆ ಕ್ಯಾಪ್ಟನ್ನನ ಮನೆಯ ರೊಟ್ಟಿ ತನ್ನದಕ್ಕಿಂತ ತೆಳ್ಳಗಿರುತ್ತದೆಂದು ಯಾರೋ ಹೇಳಿದ್ದೇ ತಡ, ಜಾತಿ ಮರೆತು ಪೈಪೋಟಿಗೆ ಬಿದ್ದಳು. ಸೋಮವಾರದ ಹಿಟ್ಟನ್ನು ಬೇರೆಯಾಗಿ ಜರಡಿ ಹಿಡಿಯುತ್ತಿದ್ದಳು. ಮಂಗಳವಾರ ನನಗೆ ಸಿಗುತ್ತಿದ್ದ ರೊಟ್ಟಿಯ ಗತಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಶೆಡ್ಡಿನಲ್ಲಿ ಹೆಚ್ಚಿನವರು ಬಂದು ಹೋಗುವವರು. ಕಾಯಮ್ಮಾಗಿ ಇದ್ದವರೆಂದರೆ ಒಬ್ಬ ಅಜ್ಜ ಮತ್ತು ಅವನ ಹೆಂಡತಿ. ಆಕೆಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಅಜ್ಜ ಹರೆಯವನ್ನೆಲ್ಲ ಹತ್ತಿಯ ಜಿನ್ನಿನಲ್ಲಿ ಸವೆಸಿ, ಅಲ್ಲಿನ ಧೂಳನ್ನು ಎದೆಯಲ್ಲಿ ತುಂಬಿಕೊಂಡಿದ್ದ. ಕೆಮ್ಮು ಹತ್ತಿದ ಮೇಲೆ ಕೆಲಸ ಹೋಯಿತು. ಕೆಲಸದ ಸಂಗಡ ಸಿಕ್ಕಿದ್ದ ಖೋಲಿಯೂ ಹೋಯಿತು. ಮಕ್ಕಳಿರಲಿಲ್ಲ. ಆಯಿ ಮಾರುಕಟ್ಟೆಯಲ್ಲಿ ಚೆಲ್ಲಿದ ಹತ್ತಿ ಆರಿಸಿ, ಅಂಗಡಿಗಳಲ್ಲಿ ಕಾಳು ಹಸನು ಮಾಡಿ ಇಬ್ಬರ ಹೊಟ್ಟೆ ನೋಡಿಕೊಳ್ಳುತ್ತಿದ್ದಳು. ಅಜ್ಜ ಒಮ್ಮೆ ಮಳೆಯಲ್ಲಿ ತೊಯ್ದು ಸಾಯುವ ಹಂತಕ್ಕೆ ಹೋಗಿ ಬಂದಿದ್ದನಂತೆ. ಇನ್ನೊಮ್ಮೆ ತೊಯ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅಂದಿನಿಂದ ಆಯಿಗೆ ಲೋಕದಲ್ಲಿ ಇದ್ದ ಚಿಂತೆ ಒಂದೇ, ಅವನ ಎದೆಯ ಮೇಲೆ ನೀರು ಬೀಳಬಾರದು.

ಚೆಂಡು ಆಚೆ ತುದಿಯಲ್ಲಿ ಇರುವಾಗ ಗೋಲ್‌ಕೀಪರಿಗೆ ಕೆಲಸ ಇರುವುದಿಲ್ಲ. ನನ್ನ ಬೆನ್ನ ಹಿಂದೆ ಅಜ್ಜ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಹೀಗೆ ನಮ್ಮಿಬ್ಬರ ಮಾತು ಬೆಳೆಯಿತು. ನಾನು ಗೋಲು ಬಿಟ್ಟುಕೊಟ್ಟಾಗ ಅವನು ಕೆಮ್ಮುತ್ತಿದ್ದದ್ದು ಬೇಕೆಂದೇ ಎಂದು ನನಗೆ ಈಗಲೂ ಗುಮಾನಿ. "ನಿಂದೂ ನಂದೂ ಒಂದ ಕೆಲಸ ನೋಡಪಾ," ಎಂದು ಒಮ್ಮೆ ಹೇಳಿದ. "ಮಂದಿ ಓಡ್ಯಾಡತಾರ, ನಾವು ನೋಡಕೋತ ಇರತೇವಿ." ಅವನು ಮಲಗುವ ಜಾಗದ ಮೇಲಿನ ತಗಡಿನಲ್ಲಿ ಒಂದು ತೂತು ಇತ್ತು. ರಸ್ತೆ ಮಾಡುವವರ ಹತ್ತಿರ ಚೂರು ಡಾಂಬರು ಬೇಡಿ ತಂದು, ಗೋಣಿಯ ತುಂಡು ಇಟ್ಟು, ಹೆಬ್ಬೆರಳಿನಿಂದ ಒತ್ತಿ ಅದನ್ನು ಮುಚ್ಚಿದ್ದ. ಒಣಗಿದ ಡಾಂಬರಿನಲ್ಲಿ ಹೆಬ್ಬೆರಳಿನ ಗುಳಿ ಹಾಗೇ ಉಳಿದಿತ್ತು. ಮನೆಯ ರಿಪೇರಿಯನ್ನು ತಾನೇ ಮಾಡಿದ್ದೇನೆಂದು ಬಂದವರಿಗೆಲ್ಲ ಬೆರಳೆತ್ತಿ ತೋರಿಸುತ್ತಿದ್ದ.

ಗೋಡೆ ಇಲ್ಲದ ಶೆಡ್ಡು ನೇರ ಮಳೆಗೆ ಸರಿ, ಮುಂಗಾರಿನ ಇರಚಲಿಗೆ ಸಾಲದು. ಮಳೆಗಾಲದಲ್ಲಿ ಆಯಿ ಗೋಣಿತಾಟು ಅಗಲಿಸಿ ಹಿಡಿದುಕೊಂಡು, ಗಾಳಿ ತಿರುಗಿದ ಕಡೆಗೆಲ್ಲ ತಾನೂ ತಿರುಗುತ್ತ ನಿಲ್ಲುತ್ತಿದ್ದಳು. ಅದನ್ನು ನೋಡಿ ನೋಡಿ ನಮ್ಮ ಸೆಕ್ರೆಟರಿಗೆ ತಡೆಯದಾಯಿತು. ಅವರು ಹೈಸ್ಕೂಲು ಮಾಸ್ತರರು, ಧಾರವಾಡದಲ್ಲಿ ಕಲಿತವರು, ಮೆತ್ತಗೆ ಮಾತಾಡುವ ಒಳ್ಳೆಯ ಮನುಷ್ಯ. ಒಳ್ಳೆಯವರು ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಮೇಲೆ ನನಗೆ ಸಿಟ್ಟು ಬರುವುದಿದೆ. ಬರಿ ರೊಟ್ಟಿ ಕೊಟ್ಟರೆ ಸಾಹುಕಾರರ ಋಣ ತೀರುವುದಿಲ್ಲ, ಅದೇ ಜಾಗದಲ್ಲಿ ಇಟ್ಟಂಗಿ ಗೋಡೆಯ ಒಂದು ಖೋಲಿ ಕಟ್ಟಿಸೋಣ ಎಂದರು. ಅದಕ್ಕಾಗಿ ಬೆಳಗಾವಿಯಿಂದ ಮಿಲಿಟರಿಯವರ ತಂಡವನ್ನು ಕರೆಸಿ ಒಂದು ಪಂದ್ಯ ಆಡುವುದು, ಟಿಕೀಟು ಇಡುವುದು, ಮುಂಗಾರು ಹಿಡಿಯುವುದರೊಳಗೆ ಗೋಡೆ ಎಬ್ಬಿಸುವುದು. ನಮಗೆಲ್ಲ ಹಿಗ್ಗೋ ಹಿಗ್ಗು. ಅಜ್ಜನಂತೂ ಖೋಲಿಯ ಬಾಗಿಲು ಮೈದಾನದ ಕಡೆಗೇ ಇರಬೇಕು ಎಂದು ಕರಾರು ಹಾಕಿದ.

ತೊಡಕು ಬಂದದ್ದು ಬೇಲಿಯಿಂದ. ಹುಬ್ಬಳ್ಳಿಯ ಮಂದಿ ದಾನಕ್ಕೆ ಹಿಂದೆ ಸರಿಯುವವರಲ್ಲ. ಮನೆಗೆ ಹೋಗಿ ಕೇಳಿದರೆ ಚೀಲ ಬಿಚ್ಚಿ ಜೋಳ ಅಳೆದು ಕೊಡುತ್ತಾರೆ. ಆದರೆ ಪುಕ್ಕಟೆ ಕಾಣುವ ಆಟಕ್ಕೆ ಅವರಿಂದ ಟಿಕೀಟು ತೆಗೆಸುವುದು ಬ್ರಹ್ಮನಿಂದಲೂ ಆಗದ ಕೆಲಸ. ಹಿಂದೊಮ್ಮೆ ಗೋಣಿತಾಟಿನ ಬೇಲಿ ಕಟ್ಟಿ ನೋಡಿದ್ದೆವು. ಪಂದ್ಯ ಮುಗಿಯುವಷ್ಟರಲ್ಲಿ ಅದು ಜರಡಿಯಾಗಿತ್ತು. ಈ ಸಲ ತಗಡೇ ಬೇಕೆಂದು ತೀರ್ಮಾನವಾಯಿತು. ಬಾಡಿಗೆಗೆ ಸಿಕ್ಕ ತಗಡು ಮೂರು ಕಡೆಗೆ ಸಾಕಾಗಿ, ಉತ್ತರದ ಕಡೆ ಬರಿದು ಉಳಿಯಿತು. ಆ ಕಡೆಗೆ ಬೇಕಾದಷ್ಟು ತಗಡು ಆ ಕಡೆಯಲ್ಲಿಯೇ ಇದೆಯಲ್ಲ ಎಂದು ಯಾರೋ ಅಂದರು. ಶೆಡ್ಡಿನ ಮೇಲೆ ಇತ್ತು, ಹೌದು.

ಕಮಿಟಿಯಲ್ಲಿ ನಾನು ಕೂಗಾಡಿದೆ. ಯಾರಿಗಾಗಿ ಆಟವೋ ಅವರ ನೆತ್ತಿಯ ಮೇಲಿನದನ್ನೇ ಕಿತ್ತುಕೊಳ್ಳುತ್ತೀರಾ ಎಂದೆ. ಮಾಸ್ತರರು ನನ್ನ ಕೂಗು ಮುಗಿಯುವ ತನಕ ಕಾದರು. "ಎಬ್ಬಿಸಬ್ಯಾಡ್ರಿ ಅಂತ ಸಾಹುಕಾರರ ಮಾತು ಅದ. ನಾವು ಯಾರನ್ನೂ ಎಬ್ಬಿಸೂದಿಲ್ಲ. ತಗಡಷ್ಟ ತಗೋತೇವಿ, ಎರಡು ದಿನದ ಮಟ್ಟಿಗೆ," ಎಂದರು. ಎಲ್ಲರೂ ತಲೆಯಾಡಿಸಿದರು. ಕೊಟ್ಟ ಮಾತಿಗೆ ನಾವು ತಪ್ಪುವವರಲ್ಲ. ಮಾತು ಮುರಿಯದೆ ಮನುಷ್ಯನನ್ನು ಬಿಸಿಲಿಗೆ ಹಾಕುವ ದಾರಿ ಹುಡುಕಿಕೊಂಡೆವು, ಅದೂ ಅವನ ಒಳ್ಳೆಯದಕ್ಕೇ.

ಮರುದಿನ ಆಯಿ ನನ್ನನ್ನು ಮೈದಾನದ ಅಂಚಿನಲ್ಲಿ ತಡೆದು ನಿಲ್ಲಿಸಿದಳು. ಬೇರೆ ಮಂದಿ ಸ್ಟೇಶನ್ನಿನ ಕಡೆಗೆ ಹೋಗುತ್ತಾರೆ, ತಮ್ಮಿಬ್ಬರದೇ ಫಜೀತಿ ಎಂದಳು. "ಎಲ್ಲಾ ತಗೋರಿ ನನ್ನಪ್ಪಾ. ನಮ್ಮ ಯಜಮಾನರ ಮ್ಯಾಲಿನ ಎರಡು ತಗಡಷ್ಟ ಬಿಡ್ರಿ. ಮಳಿ ಹೊತ್ತು ಗೊತ್ತು ನೋಡಿ ಬರೂದಿಲ್ಲ." ಈ ಮಾತನ್ನು ನಾನು ಹಾಗೆಯೇ ಕಮಿಟಿಗೆ ಒಯ್ದೆ. ಎರಡು ತಗಡಿನಷ್ಟು ಸಂದಿ ಬಿಟ್ಟರೆ ಅರ್ಧ ಹುಬ್ಬಳ್ಳಿ ಅಲ್ಲೇ ಬಂದು ನಿಲ್ಲುತ್ತದೆ, ಉಳಿದ ಬೇಲಿ ಕಟ್ಟಿಯೂ ಉಪಯೋಗವಿಲ್ಲ ಎಂದು ಕ್ಯಾಪ್ಟನ್ ಹೇಳಿದ. ಎಲ್ಲರೂ ನಕ್ಕರು. ಅವನು ಹೇಳಿದ್ದು ಖರೆಯೇ ಇತ್ತು, ನನಗೂ ಗೊತ್ತಿತ್ತು. ಎದುರಿನವನ ಮಾತು ಸುಳ್ಳಾಗಿದ್ದರೆ ಜಗಳ ತೆಗೆಯಬಹುದು, ಖರೇ ಮಾತಿನ ಮುಂದೆ ನನ್ನ ಸಿಟ್ಟು ಯಾವ ಕೆಲಸಕ್ಕೂ ಬರಲಿಲ್ಲ.

ಅವರಿಬ್ಬರಿಗೆ ಬೇರೆ ಕಡೆ ಜಾಗ ಹುಡುಕಲಿಕ್ಕೆ ಓಡಾಡಿದೆವು. ಧರ್ಮಶಾಲೆಯ ಮುದುಕ ಯಾತ್ರಿಕರಾದರೆ ಸರಿ ಎಂದ; ಅಷ್ಟರಲ್ಲಿ ಜೊತೆಗೆ ಕರೆದೊಯ್ದಿದ್ದ ಅಜ್ಜ ಕೆಮ್ಮಿದ; ಮುದುಕ ಬಾಗಿಲಿಗೆ ಕೈ ಅಡ್ಡ ಇಟ್ಟ. ನಮ್ಮ ಹುಡುಗರ ಮನೆಗಳೆಲ್ಲ ಒಂದು ಖೋಲಿ, ಒಂದೂವರೆ ಖೋಲಿಯವು. ಒಬ್ಬನ ಮನೆಯಲ್ಲಿ ಬಾಣಂತಿ, ಇನ್ನೊಬ್ಬನ ಮನೆಗೆ ತಂಗಿಯನ್ನು ನೋಡಲಿಕ್ಕೆ ಬರುವವರು. ನಾನು ಅವ್ವನ ಮುಂದೆ ವಿಷಯ ಎತ್ತಿದೆ. ರೊಟ್ಟಿಗೆ ಮೂಗು ಮುರಿದವಳು ಈ ಮಾತಿಗೆ ಏನನ್ನುತ್ತಾಳೋ ಎಂದು ಅಂಜಿದ್ದೆ. ಅವಳು ಎದ್ದು ಮೂಲೆಯ ಡಬ್ಬಿಗಳನ್ನು ಸರಿಸಿ ಜಾಗ ಮಾಡಿದಳು. ಅಷ್ಟು ಸಂತೋಷ ನನಗೆ ಯಾವ ಪಂದ್ಯ ಗೆದ್ದಾಗಲೂ ಆಗಿರಲಿಲ್ಲ. ಓಡಿಹೋಗಿ ಅಜ್ಜನಿಗೆ ಹೇಳಿದರೆ ಅವನು ಒಪ್ಪಲಿಲ್ಲ. "ನಿಮ್ಮದು ಬಾಡಿಗಿ ಮನಿ. ನಾ ಅಲ್ಲೇ ಸತ್ತರ ಮಾಲಕ ನಿಮ್ಮನ್ನ ಇಟಗೊಳ್ಳಾಂಗಿಲ್ಲ. ನಾ ಎಲ್ಲಿ ಬೇಕಾದಲ್ಲಿ ಬೀಳತೇನಿ, ನೀವು ಎಲ್ಲಿ ಹೋಗತೀರಿ?" ಎಂದ. ಆಯಿ ಕೈಮುಗಿದು ಕೇಳಿಕೊಂಡಳು. ಅವನು ಜಗ್ಗಲಿಲ್ಲ.

ತಗಡು ಇಳಿಸುವ ಕೆಲಸ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ. ಉದ್ದ ಇದ್ದವನು ನಾನೊಬ್ಬನೇ. ಪಂದ್ಯದ ಹಿಂದಿನ ದಿನ ಮುಂಜಾನೆ ಒಂದೊಂದಾಗಿ ಬಿಚ್ಚಿ ಕೊಟ್ಟೆ. ಕೆಳಗೆ ಹುಡುಗರು ಅವಕ್ಕೆ ಕ್ಲಬ್ಬಿನ ಹಸಿರು-ಬಿಳಿ ಪಟ್ಟೆ ಬಳಿದರು. ಮೇ ತಿಂಗಳ ಬಿಸಿಲು ಕಂಬಗಳ ನಡುವೆ ಧಡಕ್ಕನೆ ಬಂದು ಬಿತ್ತು. ಅಜ್ಜನನ್ನು ಪಕ್ಕದ ಬೇವಿನ ಮರದ ನೆರಳಿಗೆ ಸಾಗಿಸಿದೆವು. ಡಾಂಬರು ಹಚ್ಚಿದ ತಗಡನ್ನು ಎಲ್ಲಿ ಹಾಕುತ್ತೀ ಎಂದು ಕೇಳಿದ. ನನ್ನ ಗೋಲಿನ ಹಿಂದೆಯೇ ಹಾಕುತ್ತೇನೆ, ಪಂದ್ಯ ಮುಗಿದ ಕೂಡಲೆ ಮೊದಲು ಅದನ್ನೇ ಏರಿಸುತ್ತೇನೆ ಎಂದೆ. ಹಾಗೆಯೇ ಹಾಕಿದೆ. ಆದರೆ ಬೋಳು ಕಂಬಗಳು ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಬೇಲಿಯನ್ನು ಶೆಡ್ಡಿನ ಈಚೆಗೆ ಎಳೆದಿದ್ದರಿಂದ, ಅಜ್ಜ ಬೇಲಿಯ ಹೊರಗೆ ಉಳಿದ. ದಿನಾ ಆಟ ನೋಡುತ್ತಿದ್ದವನಿಗೆ ತನಗಾಗಿ ಆಡುವ ಆಟವೇ ಕಾಣದಂತಾಯಿತು. ಒಳಗೆ ಬಂದು ಕೂಡು ಎಂದರೆ, ಮರ ಬಿಟ್ಟು ಏಳುವ ತ್ರಾಣ ಇರಲಿಲ್ಲ.

ಪಂದ್ಯದ ದಿನ ಮೈದಾನ ತುಂಬಿ ತುಳುಕಿತು. ಮಾಸ್ತರರ ಮುಖದಲ್ಲಿ ಮದುವೆ ಮನೆಯ ಕಳೆ. ಅವರು ಮೈಕಿನಲ್ಲಿ ನಿರಾಶ್ರಿತರು, ಕರ್ತವ್ಯ, ಮಾನವೀಯತೆ ಎಂದೆಲ್ಲ ಮಾತಾಡುವಾಗ ನನ್ನ ಬೆನ್ನ ಹಿಂದಿನ ತಗಡಿನಾಚೆ ಕೆಮ್ಮು ಕೇಳುತ್ತಿತ್ತು. ಆಟ ಶುರುವಾದ ಮೇಲೆ ಅಜ್ಜ ಆಚೆಯಿಂದ ಕೇಳುವುದು, ನಾನು ಈಚೆಯಿಂದ ಹೇಳುವುದು. ಚೆಂಡು ಯಾರ ಕಾಲಲ್ಲಿ ಐತಿ, ಮಿಲಿಟರಿಯವರು ಎತ್ತರ ಇದ್ದಾರೇನು, ಕ್ಯಾಪ್ಟನ್ ಯಾಕೆ ಒದರುತ್ತಾನೆ. ಅವನಿಗೆ ಉತ್ತರ ಹೇಳುತ್ತ ಆಡಿದ್ದರಿಂದಲೋ ಏನೋ, ಅಂದು ನಾನು ಎಂದೂ ಆಡದಷ್ಟು ಚೆನ್ನಾಗಿ ಆಡಿದೆ.

ಅರ್ಧ ಆಟ ಮುಗಿಯಲಿಕ್ಕೆ ಬಂದಿತ್ತು. ಧಾರವಾಡದ ಕಡೆಯಿಂದ ಮೋಡ ಏರಿ ಬಂತು. ಗಾಳಿ, ಧೂಳು, ಅದರ ಬೆನ್ನಿಗೇ ದಪ್ಪ ಹನಿ, ಆಮೇಲೆ ಕೆರೆ ಕವುಚಿದಂಥ ಮಳೆ. ನಿಲ್ಲಲಿಕ್ಕೆ ಎಲ್ಲೂ ಮರೆ ಇಲ್ಲ. ಮಂದಿ ಅತ್ತಿತ್ತ ನೋಡಿದರು, ತಗಡು ಕಂಡಿತು. ಯಾರು ಮೊದಲು ಕಿತ್ತರೋ ತಿಳಿಯದು. ನೋಡನೋಡುತ್ತ ಬೇಲಿಯೆಲ್ಲ ಎದ್ದು ನಡೆಯತೊಡಗಿತು. ಒಂದೊಂದು ತಗಡಿನ ಕೆಳಗೆ ಮೂರು ಮೂರು, ನಾಲ್ಕು ನಾಲ್ಕು ಮಂದಿ ತಲೆ ತೂರಿಸಿಕೊಂಡು ಮನೆಯ ದಾರಿ ಹಿಡಿದರು. ರೆಫರಿ ಇನ್ನೂ ಸೀಟಿ ಊದಿರಲಿಲ್ಲ. ಮಿಲಿಟರಿಯವರಿಗೆ ಮಳೆ ಲೆಕ್ಕಕ್ಕಿಲ್ಲ, ಅವರು ಆಡುತ್ತಲೇ ಇದ್ದರು. ನಾನು ಗೋಲಿನಲ್ಲಿ ನಿಂತು, ನಾನೇ ಬಿಚ್ಚಿದ ತಗಡುಗಳು ಒಂದೊಂದಾಗಿ ಹೋಗುವುದನ್ನು ನೋಡಿದೆ.

ನನ್ನ ಬೆನ್ನ ಹಿಂದಿನದು ಕರಕರ ಎಂದಿತು. ತಿರುಗಿದೆ. ಡಾಂಬರಿನ ತಗಡನ್ನು ಒಬ್ಬ ಮನುಷ್ಯ ಎತ್ತಿ ತಲೆಯ ಮೇಲೆ ಹಿಡಿದಿದ್ದ. ಅದು ಇದ್ದ ಜಾಗದಲ್ಲಿ ಈಗ ಸಂದಿ. ಸಂದಿಯಲ್ಲಿ ಬೇವಿನ ಮರ, ಮರದ ಬುಡದಲ್ಲಿ ಅಜ್ಜ, ಅವನ ಮೇಲೆ ಬಾಗಿ ಗೋಣಿತಾಟು ಹಿಡಿದ ಆಯಿ. ಗೋಣಿತಾಟಿನಿಂದ ನೀರು ಅವನ ಎದೆಯ ಮೇಲೇ ಸುರಿಯುತ್ತಿತ್ತು. "ಅದನ್ನ ಬಿಡಬ್ಯಾಡ ತಮ್ಮಾ," ಎಂದು ಆಯಿ ಕೂಗಿದಳು. ನಾನು ಗೋಲು ಬಿಟ್ಟು ಓಡಿದೆ. ತಗಡಿನ ಅಂಚು ಹಿಡಿದು ಎಳೆದೆ, ಅಂಗೈ ಸೀಳಿತು. ಇನ್ನೊಂದು ಎಳೆತಕ್ಕೆ ಅದು ನನ್ನ ಕೈಗೆ ಬರುತ್ತಿತ್ತು. ಆಗ ಆ ಮನುಷ್ಯನ ಸೊಂಟದ ಮೇಲೆ ಒಂದು ಕೂಸು ಕಂಡಿತು. ಹೆಣ್ಣು ಕೂಸು, ಮಳೆಗೆ ಹೆದರಿ ಅಪ್ಪನ ಕೊರಳಲ್ಲಿ ಮುಖ ಹುದುಗಿಸಿತ್ತು. ಅವನೂ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಜಗಳ ಇರಲಿಲ್ಲ, ಬೇಡಿಕೆ ಇತ್ತು. ಕೂಸಿನ ತಲೆಯ ಮೇಲಿಂದ ತಗಡು ಕಸಿಯಲಿಕ್ಕೆ ನನ್ನ ಕೈ ಏಳಲಿಲ್ಲ. ಬಿಟ್ಟೆ. ಅವನು ಹೋದ. ನನ್ನ ಬೆನ್ನಿಗೆ ಮಿಲಿಟರಿಯವರು ಖಾಲಿ ಗೋಲಿಗೆ ಚೆಂಡು ಹೊಡೆದರು, ಕ್ಯಾಪ್ಟನ್ ನನ್ನ ತಾಯಿತಂದೆಯನ್ನು ನೆನೆದ, ಆಮೇಲೆ ರೆಫರಿ ಸೀಟಿ ಊದಿದ.

ಮಳೆ ಕಡಿಮೆಯಾಗುವ ತನಕ ಕಾಯದೆ ಅಜ್ಜನನ್ನು ಕೈಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆವು. ಅಲ್ಲಿಯವರು ತಮ್ಮಿಂದ ಆದದ್ದನ್ನೆಲ್ಲ ಮಾಡಿದರು. ಆ ವಾರ ಮುಗಿಯುವುದರೊಳಗೆ ಅಜ್ಜ ತೀರಿಕೊಂಡ. ಕ್ಲಬ್ಬಿನವರೇ ಹೆಗಲು ಕೊಟ್ಟೆವು. ಮಾಸ್ತರರು ದಾರಿಯುದ್ದಕ್ಕೂ ಚಿಕ್ಕ ಮಕ್ಕಳಂತೆ ಅತ್ತರು. ಅವರನ್ನು ಬಯ್ಯಬೇಕೆಂದು ಎಷ್ಟೋ ಮಾತು ಕೂಡಿಸಿಟ್ಟಿದ್ದೆ, ಅವರ ಪಾಲಿನ ಹೆಗಲನ್ನೂ ನಾನೇ ಕೊಟ್ಟೆ. ಮಣ್ಣು ಮುಗಿಸಿ ತಿರುಗಿ ನೋಡಿದರೆ ಆಯಿ ಇರಲಿಲ್ಲ. ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯಲಿಲ್ಲ. ಪಂದ್ಯ ಅರ್ಧಕ್ಕೆ ನಿಂತಿತೆಂದು ಮಂದಿ ಟಿಕೀಟಿನ ಹಣ ವಾಪಸು ಕೇಳಿದರು, ಕೊಟ್ಟೆವು; ಬಾಡಿಗೆ ತಗಡಿನ ದಂಡವನ್ನೂ ತುಂಬಿದೆವು. ಖೋಲಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಸೋಮವಾರದ ರೊಟ್ಟಿ ಮಾತ್ರ ನಿಲ್ಲಲಿಲ್ಲ. ಸಾಹುಕಾರರಿಗೆ ಕೊಟ್ಟ ಮಾತಲ್ಲವೇ. ತಗಡಿಲ್ಲದ ಕಂಬಗಳ ಕೆಳಗೆ ಯಾರು ಇರುತ್ತಾರೆ? ಗಂಟುಗಳನ್ನು ಅಲ್ಲೇ ಬಿಚ್ಚಿ, ಹೊತ್ತು ಮುಳುಗುವ ತನಕ ಕಾದು, ಕೊನೆಗೆ ನಾವೇ ತಿನ್ನುತ್ತಿದ್ದೆವು. ಅವ್ವ ಅವತ್ತಿನ ಹಿಟ್ಟನ್ನು ಇನ್ನೂ ಜರಡಿ ಹಿಡಿಯುತ್ತಿದ್ದಳು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಕಲ್ಲುಕಂಬಕ್ಕೆ ರೊಟ್ಟಿ ಹಾಕುವ ಕ್ಲಬ್ಬು ನಮ್ಮದೊಂದೇ ಇರಬೇಕು ಎಂದು ಕೂಗಾಡಿ, ಅಂದಿನಿಂದ ಮೈದಾನದ ಕಡೆ ಹೋಗುವುದನ್ನು ಬಿಟ್ಟೆ.

ತಗಡುಗಳು ಮಾತ್ರ ನನ್ನನ್ನು ಬಿಡಲಿಲ್ಲ. ಅಂಗಡಿಯ ಕೆಲಸಕ್ಕೆಂದು ಊರೆಲ್ಲ ತಿರುಗುವಾಗ ಹಸಿರು-ಬಿಳಿ ಪಟ್ಟೆ ಎಲ್ಲೆಂದರಲ್ಲಿ ಕಾಣುತ್ತಿತ್ತು. ಒಂದು ಕಡೆ ಎಮ್ಮೆಯ ಕೊಟ್ಟಿಗೆಗೆ, ಒಂದು ಕಡೆ ಬಚ್ಚಲಿಗೆ, ಇನ್ನೊಂದು ಕಡೆ ಕೋಳಿಗೂಡಿಗೆ. ಮಂದಿ ಕದ್ದವರ ಹಾಗೆ ಬಚ್ಚಿಟ್ಟಿರಲಿಲ್ಲ, ರಸ್ತೆಗೆ ಕಾಣುವಂತೆಯೇ ಹೊದಿಸಿದ್ದರು. ಇಳಿಸಿಕೊಂಡು ಹೋಗಲಿಕ್ಕೆ ಉದ್ದ ಇದ್ದೆ, ಕೇಳಲಿಕ್ಕೆ ಬಾಯಿ ಇರಲಿಲ್ಲ.

ಅರವತ್ತರ ದಶಕ ಸ್ವಲ್ಪ ಮುಂದೆ ಹೋಗಿತ್ತು. ಒಂದು ಮಳೆಗಾಲದ ಮಧ್ಯಾಹ್ನ ಊರಂಚಿನ ಬೆಂಗೇರಿಯಲ್ಲಿ ಮಳೆಗೆ ಸಿಕ್ಕಿಕೊಂಡು ಒಂದು ಚಹಾದಂಗಡಿಯ ಸೂರಿನ ಕೆಳಗೆ ನುಗ್ಗಿದೆ. ಬಾಗಿಲ ಪಕ್ಕ, ಮೊಣಕಾಲಿಗೆ ಗದ್ದ ಊರಿಕೊಂಡು ಆಯಿ ಕೂತಿದ್ದಳು. ನನಗಿಂತ ಮೊದಲು ಅವಳೇ ಗುರುತು ಹಿಡಿದಳು. ನಾನು ಚಹಾ ಹೇಳಿದೆ. ಎರಡೂ ಕೈಯಲ್ಲಿ ಕಪ್ಪು ಹಿಡಿದು, ಗದ್ದ ಎತ್ತಿ ಮೇಲೆ ತೋರಿಸಿದಳು. ತಗಡಿನಲ್ಲಿ ಕರಿ ಡಾಂಬರು, ಅದರ ನಡುವೆ ಹೆಬ್ಬೆರಳಿನ ಗುಳಿ. "ಮಳಿ ಬಂದಾಗ ಇಲ್ಲೇ ಬಂದು ಕೂಡತೇನಪಾ. ಇನ್ನೂ ಒಂದು ಹನಿ ಸೋರಿಲ್ಲ ನೋಡು," ಎಂದಳು. ಮನೆಗೆ ಬಾ ಎಂದು ಕರೆದೆ. ಅವ್ವ ಇದ್ದಾಳೆ, ಜಾಗ ಇದೆ ಎಂದೆ. ಆಕೆ ಬೇಡವೆಂದು ತಲೆಯಾಡಿಸಿ ಮತ್ತೆ ಮೇಲೆ ನೋಡಿದಳು.

ಮಳೆ ನಿಂತಿತು. ಚಹಾದಂಗಡಿಯವನು, ಗಿರಾಕಿ ಕೂಡಬೇಕು, ಇನ್ನು ಏಳು ಎಂದು ಆಕೆಗೆ ಹೇಳಿದ. ಗದರಲಿಲ್ಲ, ದಿನಾ ಹೇಳುವ ಹಾಗೆ ಹೇಳಿದ. ಆಯಿ ಎದ್ದಳು. ಇಷ್ಟು ವರ್ಷದ ಸಿಟ್ಟು ನನಗೆ ಆಗ ನೆತ್ತಿಗೇರಿತು. "ಆಕೀನ್ನ ಎಬ್ಬಿಸಬ್ಯಾಡ," ಎಂದೆ. "ನಿನ್ನ ಮ್ಯಾಲಿರೂ ತಗಡು ಆಕೀದು."

ಅವನು ತಗಡನ್ನು ನೋಡಿದ, ಆಯಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಸುಳ್ಳು ಹೇಳುತ್ತಿಲ್ಲ ಎಂದು ಅವನಿಗೆ ತಿಳಿದಿರಬೇಕು.

"ಆಕೀದಾದರ ಒಯ್ಯಲಿರಿ," ಎಂದ. "ನಾ ಬ್ಯಾಡ ಅನ್ನೂದಿಲ್ಲ. ಆದರ ಒಯ್ದು ಎಲ್ಲಿ ಹಾಕ್ತಾಳ?"

ನನ್ನ ತಲೆ ತಗಡಿಗೆ ತಾಗುವಷ್ಟು ಹತ್ತಿರ ಇತ್ತು. ಕೈ ಎತ್ತಿದರೆ ಬಿಚ್ಚಬಹುದಿತ್ತು. ಆಯಿ ಕಪ್ಪನ್ನು ತೊಳೆದು ಹಲಗೆಯ ಮೇಲಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ರಸ್ತೆಗೆ ಇಳಿದಳು.